ಉಬ್ಬದ ಹಿಟ್ಟು

ನಮ್ಮ ಅಡುಗೆಕೋಣೆಯ ಅಟ್ಟದ ಮೇಲೆ ಒಂದು ದೊಡ್ಡ ಸ್ಟೀಲಿನ ಪರಾತ ಇದೆ. ಪರಾತ ಅಂದರೆ ಇಲ್ಲಿಯವರು ಹಿಟ್ಟು ನಾದುವ ಅಗಲದ ತಟ್ಟೆ. ಊರಲ್ಲಿ ನಾವು ಹರಿವಾಣ ಅನ್ನುತ್ತಿದ್ದೆವು. ಡೊಂಬಿವಲಿಗೆ ಬಂದು ಇಷ್ಟು ವರ್ಷವಾದ ಮೇಲೆ ನನ್ನ ಬಾಯಲ್ಲೂ ಪರಾತವೇ ಬರುತ್ತದೆ. ಅದರ ಅಂಚಿನಲ್ಲಿ ಒಂದು ಕಡೆ ಬೂದು ಬಣ್ಣದ ಹಕ್ಕಳೆ ಗಟ್ಟಿಯಾಗಿ ಕೂತಿದೆ. ಅದು ಸಿಮೆಂಟು. ನನ್ನ ಹೆಂಡತಿ ಶಾರದಾ ತೆಂಗಿನ ನಾರು, ಉಪ್ಪುಕಾಗದ, ಹುಣಸೆಹುಳಿ ಎಲ್ಲ ಹಾಕಿ ಉಜ್ಜಿ ನೋಡಿದಳು. ಹೋಗಲಿಲ್ಲ. ಈಗ ಮನೆಗೆ ಯಾರಾದರೂ ಬಂದರೆ ಸ್ಟೂಲು ಹತ್ತಿ ಅದನ್ನು ಇಳಿಸಿ, "ನೋಡಿ, ನಮ್ಮವರ ಕೆಲಸ" ಅಂತ ತೋರಿಸುತ್ತಾಳೆ. ಬಂದವರು ನನ್ನ ಮುಖ ನೋಡುತ್ತಾರೆ. ನಾನು ಪೇಪರು ಓದುತ್ತೇನೆ.

ನೀವಾದರೂ ಕೇಳಿ. ನಾನು ಹೋಟೆಲಿನವ. ಕಾರ್ಕಳದ ಕಡೆಯ ಹಳ್ಳಿಯಿಂದ ಬಂದು, ಥಾಣೆಯ ಒಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಹಿಟ್ಟು ರುಬ್ಬುವಲ್ಲಿಂದ ಶುರುಮಾಡಿ, ಆಮೇಲೆ ಅದೇ ಕ್ಯಾಂಟೀನು ನಡೆಸಿ, ಈಗ ಮನೆಯಲ್ಲಿ ಕೂತವ. ಸಿಟ್ಟು ಸ್ವಲ್ಪ ಬೇಗ ಬರುತ್ತದೆ. ಒಲೆಯ ಮುಂದೆ ಬಾಳಿದವರಿಗೆ ಅದು ಸಹಜ ಅಂತ ನಾನು ಹೇಳುತ್ತೇನೆ. ಕ್ಯಾಂಟೀನಿಗೆ ಬರುವ ಮೊದಲೂ ಹೀಗೆಯೇ ಇದ್ದ ಅಂತ ಅಕ್ಕ ಹೇಳುತ್ತಾಳೆ. ಬಿಲ್ಡಿಂಗಿನಲ್ಲಿ ಎಲ್ಲರೂ ನನ್ನನ್ನು ಶೆಟ್ಟಿ ಅಂತ ಕರೆಯುತ್ತಾರೆ. ನಾನು ಶೆಟ್ಟಿ ಅಲ್ಲ. ಆದರೆ ಇಡ್ಲಿ ಮಾಡುವವರೆಲ್ಲ ಇಲ್ಲಿ ಶೆಟ್ಟಿಯೇ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ.

ಹೋಟೆಲಿನವನಿಗೆ ಪ್ರಪಂಚದಲ್ಲಿ ಇರುವುದು ಎರಡೇ ವಸ್ತು: ಹಿಟ್ಟು ಮತ್ತು ಅಚ್ಚು. ಇಡ್ಲಿಗೆ ತಟ್ಟೆ, ಶಾವಿಗೆಗೆ ಒತ್ತುಮಣೆ, ಕೊಟ್ಟೆಕಡುಬಿಗೆ ಹಲಸಿನ ಎಲೆ. ಆದರೆ ಅಚ್ಚು ಅಂದ ಕೂಡಲೇ ನನಗೆ ಮೊದಲು ನೆನಪಾಗುವುದು ಗೆರಟೆ. ನಾನು ಚಿಕ್ಕವನಿದ್ದಾಗ ಅಕ್ಕ ನಮ್ಮ ಮನೆಯ ಹಿಂದೆ, ಬಚ್ಚಲು ನೀರು ಹರಿಯುವ ಕಡೆ, ಒಂದು ಹೋಟೆಲು ಇಟ್ಟಿದ್ದಳು. ತೆಂಗಿನ ಗೆರಟೆಗೆ ಕೆಸರು ತುಂಬಿ, ಕ್ರೋಟನ್ ಎಲೆಯ ಮೇಲೆ ಕವುಚಿ, ಬೆನ್ನಿಗೆ ಒಂದು ಪೆಟ್ಟು ಕೊಟ್ಟು ಎತ್ತಿದರೆ ಇಡ್ಲಿ. ಗಿರಾಕಿ ನಾನೊಬ್ಬನೇ. ತಿಂದ ಹಾಗೆ ಮಾಡಿ "ಒಳ್ಳೇದುಂಟು" ಅನ್ನಬೇಕು. ಉಪ್ಪು ಕಡಿಮೆ ಅಂತ ಒಮ್ಮೆ ಹೇಳಿದ್ದಕ್ಕೆ ಕಿವಿ ಹಿಂಡಿಸಿಕೊಂಡಿದ್ದೇನೆ. ಕೆಸರು ಗೆರಟೆಗೆ ಅಂಟಿಕೊಂಡು ಅರ್ಧ ಮಾತ್ರ ಬಂದರೆ ಅವಳಿಗೆ ಅವಮಾನ. ಒಳಗೆ ಒಣ ಬೂದಿ ಉದುರಿಸಿಕೊಂಡು ಮತ್ತೆ ತುಂಬುತ್ತಿದ್ದಳು. ಇಡ್ಲಿ ಪೂರ್ತಿ ಬರುವ ತನಕ ಗಿರಾಕಿ ಏಳುವಂತಿಲ್ಲ. ಅಮ್ಮ ಊಟಕ್ಕೆ ಕರೆದರೂ ಇಲ್ಲ.

ಆ ಅಕ್ಕ ಈಗ ನಮ್ಮ ಮನೆಯಲ್ಲೇ ಇದ್ದಾಳೆ. ನನ್ನನ್ನು ಊರಿಂದ ಕರೆಸಿ ಕೆಲಸಕ್ಕೆ ಹಚ್ಚಿದವರು ಅವಳೂ ಭಾವನೂ. ಅವರಿಗೆ ಮಕ್ಕಳಿಲ್ಲ. ಭಾವ ತೀರಿಕೊಂಡ ಮೇಲೆ ಕಲ್ಯಾಣದ ಮನೆ ಬಿಟ್ಟು ನಮ್ಮಲ್ಲಿಗೆ ಬಂದಳು. ಬಂದವಳು ಒಂದು ವಾರದಲ್ಲಿ ಹಿಂದಿನ ಬಿಲ್ಡಿಂಗಿನ ಸುಮಿತ್ರಕ್ಕನ ಮನೆಯ ಭಜನೆಗೆ ಹೋಗಿ ಸೇರಿಕೊಂಡಳು. ಪ್ರತಿ ಶನಿವಾರ ಸಂಜೆ ನಮ್ಮ ಕಡೆಯ ಹೆಂಗಸರೆಲ್ಲ ಅಲ್ಲಿ ಕೂಡುತ್ತಾರೆ. ಉಡುಪಿಯವರು, ಧಾರವಾಡದವರು, ಮೈಸೂರಿನ ಒಬ್ಬರು ಎಲ್ಲ ಇದ್ದಾರೆ. ಮೂರು ತರದ ಕನ್ನಡ, ಒಂದೇ ದೇವರು. ಹಾಡು ಎತ್ತಿಕೊಡುವುದು ಅಕ್ಕ, ತಾಳ ಹಿಡಿಯುವುದೂ ಅಕ್ಕ. ಅವಳಿಲ್ಲದಿದ್ದರೆ ಉಳಿದವರು ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತಾರಂತೆ. ಹಾಗಂತ ಹೇಳಿದ್ದೂ ಅಕ್ಕನೇ.

ನಮ್ಮದು ಗ್ರೌಂಡ್ ಫ್ಲೋರಿನ ಮನೆ. ಮುಂದಿನ ಬಾಗಿಲಲ್ಲಿ ಎತ್ತರದ ಮೆಟ್ಟಿಲುಗಳು, ಅದರ ಕೆಳಗೆ ಅಡ್ಡಾದಿಡ್ಡಿ ಸ್ಕೂಟರುಗಳು. ಆದ್ದರಿಂದ ಅಕ್ಕ ಹೋಗುವುದು ಅಡುಗೆಕೋಣೆಯ ಹಿಂಬಾಗಿಲಿಂದ. ಅಲ್ಲಿ ಹೊಸ್ತಿಲು ದಾಟಿದರೆ ಸಮತಟ್ಟು ಮಣ್ಣು, ಮಣ್ಣು ದಾಟಿದರೆ ಗೋಡೆಯಲ್ಲಿ ಒಂದು ಚಿಕ್ಕ ಗೇಟು, ಗೇಟು ದಾಟಿದರೆ ಸುಮಿತ್ರಕ್ಕನ ಮನೆ. ಇಷ್ಟೇ ದಾರಿ. ಹೋದ ಮಳೆಗಾಲದಲ್ಲಿ ಆ ಇಷ್ಟೇ ದಾರಿಯಲ್ಲಿ ಅಕ್ಕ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಮೂಳೆ ಕೂಡಿತು, ನಾಲ್ಕು ಕಾಲಿನ ವಾಕರ್ ಬಂತು. ಮನೆಯೊಳಗೆ ಟೈಲ್ಸಿನ ಮೇಲೆ ಟಕ್ ಟಕ್ ಅಂತ ಚೆನ್ನಾಗಿ ಓಡಾಡುತ್ತಾಳೆ. ಹಿಂಬಾಗಿಲಿಗೆ ಬಂದು ಮಣ್ಣಿಗೆ ವಾಕರ್ ಇಟ್ಟರೆ ಅದರ ಕಾಲು ಹೂತುಹೋಗುತ್ತದೆ. ಆ ಹೊಸ್ತಿಲಲ್ಲೇ ಅವಳ ಲೋಕ ಮುಗಿಯಿತು.

ಕೈಹಿಡಿದು ಕರೆದುಕೊಂಡು ಹೋಗುತ್ತೇನೆ ಅಂದೆ. "ನಾನೇನು ಗ್ಯಾಸ್ ಸಿಲಿಂಡರಾ, ನೀನು ಎತ್ತಿಕೊಂಡು ಹೋಗ್ಲಿಕ್ಕೆ?" ಅಂದಳು. ಅವಳು ಮಾತಾಡಿದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡಕ್ಕೆ ಇಳಿಸಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿದೆ. ಭಜನೆಯನ್ನೇ ನಮ್ಮ ಮನೆಗೆ ತರುತ್ತೇವೆ ಅಂತ ಸುಮಿತ್ರಕ್ಕ ಬಂದು ಹೇಳಿದರು. ಅದಕ್ಕೂ ಒಪ್ಪಲಿಲ್ಲ. "ನಾನು ಹೋಗುದು. ಅವರು ಬರುದಲ್ಲ." ಮುಗಿಯಿತು. ಹಾಡುವುದನ್ನೇ ನಿಲ್ಲಿಸಿಬಿಟ್ಟಳು. ಶನಿವಾರ ಸಂಜೆ ಆ ಕಡೆಯಿಂದ ತಾಳ ಕೇಳಿದರೆ ಎದ್ದು ಹೋಗಿ ಟಿವಿ ಹಾಕುತ್ತಿದ್ದಳು. ನನಗೆ ಅದನ್ನು ನೋಡಲಿಕ್ಕಾಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಡಾಕ್ಟರಮ್ಮ ಪರೀಕ್ಷೆ ಮಾಡಿ ನನ್ನನ್ನು ಹೊರಗೆ ಕರೆದರು. "ಇವರು ದಿನಾ ಹೊರಗೆ ನಡೀಬೇಕು. ಈ ಮಳೆಗಾಲವೂ ಮನೆಯಲ್ಲೇ ಕೂತರೆ ಕಾಲಿನ ಶಕ್ತಿ ಹೋಗ್ತದೆ. ಆಮೇಲೆ ಏಳುವುದು ಕಷ್ಟ" ಅಂದರು. ನಾನು ಹೂಂ ಅಂದೆ. ರಿಕ್ಷಾದಲ್ಲಿ ಬರುವಾಗ ಅಕ್ಕ, "ಎಂತ ಹೇಳಿದ್ರು?" ಅಂತ ಕೇಳಿದಳು. "ಎಲ್ಲ ಸರಿ ಉಂಟಂತೆ" ಅಂದೆ. "ಸುಳ್ಳು ಹೇಳ್ಲಿಕ್ಕೆ ನಿನಗೆ ಮೊದಲಿಂದಲೂ ಬರುದಿಲ್ಲ" ಅಂದಳು. ಮಳೆಗಾಲ ಬರುವುದರೊಳಗೆ ಆ ಮಣ್ಣಿನ ಮೇಲೆ ಒಂದು ದಾರಿ ಆಗಲೇಬೇಕು ಅಂತ ನಾನು ರಿಕ್ಷಾದಲ್ಲೇ ನಿಶ್ಚಯ ಮಾಡಿದೆ.

ಬಿಲ್ಡಿಂಗಿನ ಸೆಕ್ರೆಟರಿ ಸಾವಂತ್ ಕಾಕಾರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ಆದರೆ ಅವರ ತಲೆಯಲ್ಲಿ ಇರುವುದು ಒಂದೇ ಶಬ್ದ. "ಅಹೋ ಶೆಟ್ಟಿ, ರಿಡೆವಲಪ್‌ಮೆಂಟ್ ಹೋಣಾರ್ ನಾ! ಪರ್ಮನೆಂಟ್ ಕಾಹೀ ನಕೋ." ಬಿಲ್ಡಿಂಗು ಕೆಡವಿ ಹೊಸದು ಕಟ್ಟುತ್ತಾರೆ, ಅಲ್ಲಿಯವರೆಗೆ ಏನೂ ಶಾಶ್ವತ ಮಾಡಬೇಡ ಅಂತ ಅರ್ಥ. ಈ ರಿಡೆವಲಪ್‌ಮೆಂಟ್ ನನ್ನ ಮಗಳು ಶಾಲೆಗೆ ಹೋಗುವಾಗಿಂದ ಬರುತ್ತಾ ಇದೆ. ಅದರ ಹೆಸರಿನಲ್ಲಿ ನಮ್ಮಲ್ಲಿ ಬಣ್ಣ ಬಳಿದಿಲ್ಲ, ನೀರಿನ ಟಾಕಿಯ ಮುಚ್ಚಳ ಬದಲಾಗಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಜೋರಾಗಿ ನಾಲ್ಕು ಮಾತಾಡಿದೆ. ಕಾಕಾ ನಾನು ಮುಗಿಸುವ ತನಕ ಕಾದು, ಚಹಾ ತರಿಸಿ, ಆಮೇಲೆ ದನಿ ತಗ್ಗಿಸಿ, "ಎತ್ತಿ ತೆಗೆಯಲು ಬರುವಂಥ ಕಲ್ಲಾದರೆ ಯಾರೂ ಕೇಳುವುದಿಲ್ಲ" ಅಂದರು. ಸರಿ. ಬಿಡಿ ಕಲ್ಲು ತರುವ ಅಂತ ಕಲ್ಯಾಣ-ಶೀಳ್ ರಸ್ತೆಯ ಪೇವರ್ ಬ್ಲಾಕಿನವನ ಹತ್ತಿರ ಹೋದೆ. ಅವನು ಟ್ರಕ್ ತುಂಬ ಬೇಕಾದರೆ ಮಾತಾಡಿ ಅಂದ. ನಮ್ಮ ಗಲ್ಲಿಯಲ್ಲಿ ಟ್ರಕ್ ಬಿಡಿ, ತರಕಾರಿ ಗಾಡಿ ತಿರುಗಬೇಕಾದರೂ ಎರಡು ಮನೆಯವರು ಎದ್ದು ಬರಬೇಕು.

ಆಗ ನನಗೆ ಹೊಳೆಯಿತು. ಅಲ್ಲ ಮಾರಾಯ್ರೆ, ಅದರಲ್ಲಿ ಎಂತ ಉಂಟು? ಒಂದು ಹಿಟ್ಟು, ಒಂದು ಅಚ್ಚು. ಜೀವಮಾನವೆಲ್ಲ ನಾನು ಮಾಡಿದ್ದು ಅದನ್ನೇ ಅಲ್ಲವೇ?

ಮಗಳು ಶ್ರೇಯಾ ಘಣಸೋಲಿಯ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುವ ಜಾತಿ. ಅವಳು ಮೊಬೈಲಿನಲ್ಲಿ ಒಂದು ವೀಡಿಯೊ ತೋರಿಸಿದಳು. ಯಾರೋ ಒಬ್ಬ ಪ್ಲಾಸ್ಟಿಕ್ ಅಚ್ಚಿಗೆ ಕಾಂಕ್ರೀಟು ತುಂಬಿ ಬಿಸ್ಕತ್ತಿನ ಹಾಗೆ ಕಲ್ಲು ತೆಗೆಯುತ್ತಿದ್ದ. ಸಿಮೆಂಟು, ಹೊಯ್ಗೆ, ಜಲ್ಲಿ ಎಷ್ಟೆಷ್ಟು ಅಂತ ಕೆಳಗೆ ಬರೆದಿತ್ತು. ನಾನು ಅಷ್ಟು ಮಾತ್ರ ನೋಡಿ, "ಸಾಕು, ಗೊತ್ತಾಯಿತು" ಅಂದೆ. "ಪಪ್ಪಾ, ಪೂರ್ಣ ಬಘಾ ನಾ" ಅಂದಳು. ಪೂರ್ತಿ ಯಾಕೆ ನೋಡಬೇಕು? ಅಕ್ಕಿ ಎಷ್ಟು ಉದ್ದು ಎಷ್ಟು ಅಂತ ಗೊತ್ತಾದರೆ ಇಡ್ಲಿ ಗೊತ್ತಾದ ಹಾಗೆ.

ಸ್ಟೇಷನ್ ಹತ್ತಿರದ ಅಂಗಡಿಯಿಂದ ಸಾಮಾನು ಬಂತು. ಶಾರದಾ ನೆಂಟರ ಮನೆಯ ಪೂಜೆಗೆ ಹೋದ ದಿನ ನೋಡಿ ಪರಾತ ಕೆಳಗಿಳಿಸಿದೆ. ಒಳಗೆ ಎಣ್ಣೆ ಸವರಬೇಕು, ಇಲ್ಲದಿದ್ದರೆ ಅಂಟುತ್ತದೆ. ಕೈಗೆ ಸಿಕ್ಕಿದ್ದು ಊರಿಂದ ಬಂದ ಗಾಣದ ತೆಂಗಿನೆಣ್ಣೆ. ಹಿಟ್ಟು ಕಲಸಿದೆ. ಕಲಸುವಾಗ ಕೈಗೆ ಒಂದು ಹದ ಗೊತ್ತಾಗುತ್ತದಲ್ಲ, ಸೌಟಿನಿಂದ ಬಿಟ್ಟರೆ ಮಡಿಕೆಮಡಿಕೆಯಾಗಿ ಬೀಳಬೇಕು, ಆ ಹದ ಬರುವ ತನಕ ನೀರು ಬಿಟ್ಟೆ. ಆಮೇಲೆ ಪರಾತಕ್ಕೆ ಸುರಿದೆ, ಮುಕ್ಕಾಲಿಗೆ ನಿಲ್ಲಿಸಿದೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ಕೈ ತನ್ನಿಂತಾನೇ ನಿಂತಿತು. ಹಿಟ್ಟು ಉಬ್ಬಲಿಕ್ಕೆ ಜಾಗ ಬೇಡವೇ?

ಹಿಂಬಾಗಿಲಲ್ಲಿ ವಾಕರ್ ಹಿಡಿದು ನಿಂತ ಅಕ್ಕ ಎಲ್ಲ ನೋಡುತ್ತಿದ್ದಳು.

"ತುಂಬಿಸಲಿಲ್ಲ ಯಾಕೆ?"

"ಮೇಲೆ ಬರ್ತದಲ್ಲ."

"ಎಂತದು ಮೇಲೆ ಬರುದು?"

ಆಗ ನನ್ನ ತಲೆಗೆ ಹೋಯಿತು. ಸಿಮೆಂಟು ಉಬ್ಬುವುದಿಲ್ಲ. ಆದರೆ ಅಕ್ಕನ ಎದುರು ಒಪ್ಪಿಕೊಳ್ಳುವುದು ಹೇಗೆ? "ತೆಳ್ಳಗೇ ಬೇಕು, ಎತ್ತಲಿಕ್ಕೆ ಸುಲಭ" ಅಂದೆ. ಅಕ್ಕ ಒಳಗೆ ಹೋದಳು. ಮರುದಿನ ಪರಾತ ಕವುಚಿ ಬೆನ್ನಿಗೆ ತಟ್ಟಿದೆ. ಕಲ್ಲು ಚೆನ್ನಾಗಿಯೇ ಬಿತ್ತು. ಬಿದ್ದ ಕೂಡಲೇ ಹಪ್ಪಳದ ಹಾಗೆ ನಾಲ್ಕು ತುಂಡಾಯಿತು. ನೀರು ಹೆಚ್ಚಾದ ಹಿಟ್ಟು, ತೆಳ್ಳಗಿನ ಕಲ್ಲು, ಇನ್ನೆಂತ ಆಗಬೇಕು? ಅಂಚಿಗೆ ಉಳಿದ ತುಂಡು ಬಿಡಿಸುವಷ್ಟರಲ್ಲಿ, ರಾತ್ರಿ ನೆಂಟರ ಮನೆಯಲ್ಲೇ ಉಳಿದಿದ್ದ ಶಾರದಾ ಬಂದಳು. ಪರಾತ ನೋಡಿದಳು, ತೆಂಗಿನೆಣ್ಣೆ ಬಾಟಲಿ ನೋಡಿದಳು, ನನ್ನನ್ನು ನೋಡಿದಳು. ಆಮೇಲಿನದು ಬರೆಯುವುದಿಲ್ಲ. ಬಡಿಸುವಾಗ ಎರಡು ದಿನ ನನ್ನ ತಟ್ಟೆ ಸ್ವಲ್ಪ ಜೋರಾಗಿ ಕೆಳಗೆ ಬೀಳುತ್ತಿತ್ತು.

ಆದರೆ ನಾನು ಬಿಡುವವನಲ್ಲ. ವೀಡಿಯೊ ಪೂರ್ತಿ ನೋಡಿದೆ, ಮಗಳು ಮಲಗಿದ್ದಾಳೆ ಅಂತ ಖಾತ್ರಿ ಮಾಡಿಕೊಂಡು ಬೆಳಗ್ಗೆ ಬೇಗ ಎದ್ದು. ನೀರು ಕಡಿಮೆ ಹಾಕಬೇಕಂತೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ಇಳಿಯಬಾರದು. ಹಾಗಾದರೆ ಇದು ಇಡ್ಲಿಯಲ್ಲ, ರವೆ ಉಂಡೆ! ಅದನ್ನು ಮೊದಲೇ ಹೇಳಬಾರದೇ? ತುಂಬಿದ ಮೇಲೆ ಅಚ್ಚನ್ನು ಕುಟ್ಟಿ ಗಾಳಿ ಬಿಡಿಸಬೇಕು, ಒದ್ದೆ ಗೋಣಿ ಮುಚ್ಚಿ ಇಡಬೇಕು. ಒದ್ದೆ ಬಟ್ಟೆ ಮುಚ್ಚುವುದು ನನಗೆ ಯಾರೂ ಕಲಿಸಬೇಕಾಗಿಲ್ಲ. ಪರಾತ ಹೇಗೂ ಕೆಟ್ಟಿತ್ತು, ಅದರಲ್ಲೇ ಅಂಚಿನ ತನಕ ತುಂಬಿ ಎರೆದೆ. ಈ ಸಲ ಎತ್ತಿದರೆ, ಆಹಾ! ಸ್ಟೀಲಿಗೆ ತಾಗಿದ ಮುಖ ಕನ್ನಡಿ. ಬೆಳಕಿಗೆ ಹಿಡಿದರೆ ನನ್ನ ಮೀಸೆಯ ನೆರಳು ಕಾಣುತ್ತಿತ್ತು. ನಾನು ಅದನ್ನು ಬಿಲ್ಡಿಂಗಿನವರಿಗೆಲ್ಲ ತೋರಿಸಿದೆ. ಸಾವಂತ್ ಕಾಕಾ ಬೆರಳಿಂದ ಸವರಿ, "ಏಕದಂ ಮಾರ್ಬಲ್" ಅಂದರು. ಆ ಹುರುಪಿನಲ್ಲಿ ಇನ್ನೂ ಕೆಲವನ್ನು ಎರೆದು ಹೊಸ್ತಿಲಿನಿಂದ ಸಾಲಾಗಿ ಇಟ್ಟು, ಅಕ್ಕನನ್ನು ಕರೆದೆ.

ಅಕ್ಕ ಬಂದಳು. ಹೊಸ್ತಿಲಲ್ಲಿ ನಿಂತು ವಾಕರನ್ನು ಮುಂದೆ ಇಟ್ಟಳು. ಎರಡು ಕಾಲು ಕಲ್ಲಿನ ಮೇಲೆ ಕೂತವು, ಇನ್ನೆರಡು ಕಲ್ಲಿನ ಆಚೆ ಮಣ್ಣಿಗೆ ಇಳಿದವು. ತಿರುಗಿಸಿ ಇಟ್ಟಳು. ಈ ಸಲ ಬೇರೆ ಎರಡು ಇಳಿದವು.

"ಇದು ಉರುಟು ಯಾಕೆ?" ಅಂತ ಕೇಳಿದಳು.

ಯಾಕೆ? ಪರಾತ ಉರುಟು, ಅದಕ್ಕೆ. ಇಡ್ಲಿ ಉರುಟು, ವಡೆ ಉರುಟು, ದೋಸೆ ಉರುಟು. ನನ್ನ ಜೀವಮಾನದಲ್ಲಿ ನಾನು ಚೌಕ ವಸ್ತು ಮಾಡಿದ್ದೇ ಇಲ್ಲ. ಉರುಟು ಕಲ್ಲುಗಳ ನಡುವೆ ಸಂದಿ ಬಿದ್ದೇ ಬೀಳುತ್ತದೆ ಅಂತ ಅಷ್ಟು ದಿನ ತಲೆಗೆ ಹೊಳೆದಿರಲಿಲ್ಲ. ಅಕ್ಕ ಅಷ್ಟಕ್ಕೆ ನಿಲ್ಲಿಸಲಿಲ್ಲ. "ಒಂದು ತಂಬಿಗೆ ನೀರು ತಾ" ಅಂದಳು. ನನ್ನ ಕನ್ನಡಿಯ ಮೇಲೆ ಹೊಯ್ಯಿಸಿದಳು. ವಾಕರಿನ ಒಂದು ಕಾಲನ್ನು ಅದರ ಮೇಲಿಟ್ಟು ಸ್ವಲ್ಪ ದೂಡಿದಳು. ರಬ್ಬರಿನ ಬುಡ ಸೊಯ್ಯೆಂದು ಜಾರಿತು.

ಅಕ್ಕನ ಮುಖ ಬಿಳಿಚಿಕೊಂಡಿತು. ಅವಳು ವಾಕರನ್ನು ಒಳಗೆ ಎಳೆದುಕೊಂಡಳು. "ಬೇಡ ರಘು. ಸಾಕು. ನಾನು ಒಳಗೇ ಇರ್ತೇನೆ" ಅಂದಳು. ಅಕ್ಕ ಜೋರು ಮಾಡಿದ್ದರೆ ನನಗೆ ಬೇಜಾರಿರಲಿಲ್ಲ. ಅವಳು ಮೆಲ್ಲಗೆ ಹೇಳಿದಳು. ಅವಳಿಗೆ ಹೆದರಿಕೆ ಇದೆ ಅಂತ ನನಗೆ ಅವತ್ತೇ ಗೊತ್ತಾದದ್ದು. ಇಷ್ಟು ದಿನ ಅದನ್ನು ಹಟ ಅಂತ ತಿಳಿದಿದ್ದೆ. ಗೋಣಿಚೀಲದ ಮೇಲೆ ಕೂತೆ. ಶಾರದಾ ಕೇಳದೆಯೇ ಚಹಾ ತಂದು ಪಕ್ಕದಲ್ಲಿ ಇಟ್ಟು ಹೋದಳು.

ಚೌಕದ ಅಚ್ಚು ಎಲ್ಲಿಂದ ತರುವುದು? ಮನೆಯಲ್ಲಿದ್ದದ್ದು ಒಂದೇ ಒಂದು, ಅದು ಕಪಾಟಿನ ಹಿಂದೆ ನಿಲ್ಲಿಸಿದ ಕೇರಮ್ ಬೋರ್ಡು. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದು ಮುಗಿದ ಮೇಲೆ ನಾವೆಲ್ಲ ಅದರ ಸುತ್ತ ಕೂರುತ್ತಿದ್ದೆವು. ಭಟ್ಟರು, ಸಪ್ಲೈಯರ್ ಸದಾನಂದ, ಕ್ಲೀನರ್ ಮಾಧು, ನಾನು. ರಾಣಿಗಾಗಿ ಅಲ್ಲಿ ನಡೆದ ಜಗಳ ಯಾವ ಯುದ್ಧದಲ್ಲೂ ನಡೆದಿರಲಿಕ್ಕಿಲ್ಲ. ಭಟ್ಟರು ಸ್ಟ್ರೈಕರ್ ಹೊಡೆಯುವ ಮೊದಲು ಬೆರಳಿಗೆ ಊದುತ್ತಿದ್ದರು, ದೋಸೆಕಾವಲಿಗೆ ಊದಿದ ಹಾಗೆ. ಕ್ಯಾಂಟೀನು ಬಿಡುವಾಗ ಪಾತ್ರೆಗಳನ್ನೆಲ್ಲ ಹಂಚಿ ನಾನು ತಂದುಕೊಂಡದ್ದು ಆ ಬೋರ್ಡು ಮಾತ್ರ. ಶಾರದಾ ಪ್ರತಿ ದೀಪಾವಳಿಗೆ ಅದನ್ನು ಗುಜರಿಗೆ ಹಾಕಲು ನೋಡುತ್ತಿದ್ದಳು, ನಾನು ಪ್ರತಿ ದೀಪಾವಳಿಗೆ ಜಗಳಾಡಿ ಉಳಿಸುತ್ತಿದ್ದೆ.

ಹೊರಗೆ ತಂದು ಗೋಡೆಗೆ ಒರಗಿಸಿದೆ. ದಪ್ಪ ಮರದ ಚೌಕಟ್ಟು, ನಾಲ್ಕೂ ಮೂಲೆ ನೇರ. ಅಳೆದು ನೋಡಿದೆ. ನಡುವೆ ಒಂದು ಹಲಗೆ ಅಡ್ಡ ಇಟ್ಟರೆ ಎರಡು ಉದ್ದ ಕಲ್ಲು ಬರುತ್ತವೆ, ವಾಕರಿನ ಅಗಲಕ್ಕೆ ಸಾಕಾಗಿ ಮಿಗುವಷ್ಟು. ಒತ್ತೊತ್ತಾಗಿ ಇಟ್ಟರೆ ಸಂದಿಯೇ ಇಲ್ಲ. ಆದರೆ ಉಳಿ ಹಿಡಿದ ಕೈ ಮುಂದೆ ಹೋಗಲಿಲ್ಲ. ಭಟ್ಟರು ಈಗಿಲ್ಲ, ಸದಾನಂದ ಎಲ್ಲಿದ್ದಾನೋ ಗೊತ್ತಿಲ್ಲ. ಆಗ ಶಾರದಾ ಬಂದು ಎದುರು ನಿಂತಳು. ನಾನು ಬೈಗಳು ಕೇಳಲು ತಯಾರಾದೆ. ಅವಳು, "ಒಂದು ಬದಿ ಬಾಗಿಲಿನ ಹಾಗೆ ತೆರೆಯುವ ಹಾಗೆ ಮಾಡಿ. ಇಲ್ಲದಿದ್ದರೆ ಕಲ್ಲು ಹೊರಗೆ ಬರುದು ಹೇಗೆ?" ಅಂದಳು. ಆಮೇಲೆ ಬೋರ್ಡಿನ ಇನ್ನೊಂದು ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳು ಹಿಡಿದುಕೊಂಡಳು, ನಾನು ಪ್ಲೈವುಡ್ ಬಿಡಿಸಿದೆ. ಒಂದು ಮೂಲೆಗೆ ಬಿಜಾಗರಿ, ಇನ್ನೊಂದು ಮೂಲೆಗೆ ಕೊಂಡಿ. ಚೆಂದದ ಅಚ್ಚು ಆಯಿತು ಅಂತ ನಾನೇ ಹೇಳಿಕೊಳ್ಳಬೇಕು.

ಅಚ್ಚನ್ನು ಪ್ಲಾಸ್ಟಿಕ್ ಹಾಸಿದ ನೆಲಕ್ಕಿಟ್ಟು, ಒಳಗೆ ಉಳಿಕೆ ಎಣ್ಣೆ ಸವರಿ, ರವೆ ಉಂಡೆಯ ಹದದ ಹಿಟ್ಟು ತುಂಬಿದೆ. ಮೇಲ್ಮೈಯನ್ನು ಸೌಟಿನ ಬೆನ್ನಿಂದ ದೋಸೆಯ ಹಾಗೆ ನಯಮಾಡಲು ಹೊರಟಿದ್ದೆ. ಹಿಂದಿನಿಂದ, "ನಿಲ್ಲು!" ಅಂತ ಕೂಗು ಬಂತು. ಅಕ್ಕ. ಒಳಗೇ ಇರುತ್ತೇನೆ ಅಂದವಳು ದಿನವೂ ಕಿಟಕಿಯಿಂದ ನೋಡುತ್ತಿದ್ದಳು ಅಂತ ಆಗ ತಿಳಿಯಿತು. ಒಂದು ಕೈಯಲ್ಲಿ ವಾಕರ್, ಇನ್ನೊಂದರಲ್ಲಿ ಹಿಡಿಸೂಡಿ. ತೆಂಗಿನ ಕಡ್ಡಿಯ ಪೊರಕೆಗೆ ನಮ್ಮಲ್ಲಿ ಹಾಗೆ ಹೇಳುವುದು.

"ಇದರಲ್ಲಿ ಗೀರು. ಅಡ್ಡಕ್ಕೆ ಗೀರು."

"ಅಕ್ಕ, ಇಷ್ಟು ನಯ ಬಂದದ್ದನ್ನು..."

"ನಿನ್ನ ನಯ ಯಾರಿಗೆ ಬೇಕು? ನಾನು ನಡೀಬೇಕಾ, ನೀನು ಮುಖ ನೋಡ್ಕೊಳ್ಬೇಕಾ?"

ಶಾರದಾ ಒಳಗೆ ಓಡಿಹೋಗಿ ನಕ್ಕಳು. ನಾನು ಹಿಡಿಸೂಡಿ ತೆಗೆದುಕೊಂಡು ಅಡ್ಡಕ್ಕೆ ಎಳೆದೆ. ಉದ್ದುದ್ದ ಗೀರು ಮೂಡಿತು. "ಇನ್ನೂ ಒತ್ತಿ" ಅಂದಳು ಅಕ್ಕ. ಒತ್ತಿದೆ. ಒಣಗಿದ ಮೇಲೆ ಅಂಗೈ ಇಟ್ಟು ನೋಡಿದರೆ ಒಳ್ಳೆ ತರಿತರಿ. ಅಕ್ಕ ಮತ್ತೆ ನೀರು ಹೊಯ್ಯಿಸಿ, ಮತ್ತೆ ವಾಕರ್ ಇಟ್ಟು ದೂಡಿ ನೋಡಿದಳು. ಈ ಸಲ ಕಚ್ಚಿ ಕೂತಿತು. ಅಕ್ಕ ಒಂದು ಕಾಲು ಇಟ್ಟಳು. ಇನ್ನೊಂದು ಕಾಲು ಇಟ್ಟಳು. ಕಲ್ಲಿನ ಮೇಲೆ ನಿಂತು ಆಚೆ ಬಿಲ್ಡಿಂಗಿನ ಗೇಟನ್ನು ನೋಡಿದಳು. "ಹೂಂ. ಇನ್ನೂ ಬೇಕು" ಅಂತ ಹೇಳಿ ಒಳಗೆ ಹೋದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು, ಜಲ್ಲಿ ಹೊತ್ತು ಸೊಂಟ ಹಿಡಿದಿತ್ತು ಅಂತ ಕುಣಿಯಲಿಲ್ಲ.

ಅಚ್ಚು ಒಂದೇ, ಹಾಗಾಗಿ ದಿನಕ್ಕೆ ಒಂದೇ ಒಬ್ಬೆ, ಅಂದರೆ ಎರಡೇ ಕಲ್ಲು. ಬೆಳಗ್ಗೆ ಹಿಂದಿನ ದಿನದ ಕಲ್ಲು ಬಿಡಿಸುವುದು, ಗೋಣಿ ಮುಚ್ಚಿ ನೀರು ಹೊಡೆಯುವುದು, ಹೊಸದು ಎರೆಯುವುದು. ಮೂರ್ನಾಲ್ಕು ವರ್ಷದಿಂದ ಬೆಳಗ್ಗೆ ಎದ್ದು ಏನು ಮಾಡಲಿ ಅಂತ ಯೋಚಿಸುತ್ತಿದ್ದವನಿಗೆ ಮತ್ತೆ ಒಂದು ಕೆಲಸ ಸಿಕ್ಕಿತು. ಎದ್ದ ಕೂಡಲೇ ಗೋಣಿ ಸರಿಸಿ ಕಲ್ಲು ಮುಟ್ಟಿ ನೋಡುವುದರಲ್ಲಿ ಎಂಥ ಸುಖ ಅಂತೀರಿ! ನೀರು ಹೊಡೆಯುವುದು ಅಕ್ಕನ ಪಾಲಿಗೆ ಬಂತು. ಹೊಸ್ತಿಲಲ್ಲಿ ಕುರ್ಚಿ ಹಾಕಿ ಪೈಪು ಹಿಡಿದು ಕೂರುತ್ತಿದ್ದಳು. ಅರ್ಧ ನೀರು ಕಲ್ಲಿಗೆ, ಅರ್ಧ ನನಗೆ. ಮಗಳು ಒಂದು ರವಿವಾರ ತಡವಾಗಿ ಎದ್ದು ಹೊರಗೆ ಬಂದು ನಮ್ಮನ್ನು ನೋಡಿ, "ಹೇ ಕಾಯ್ ಚಾಲಲಂಯ್?", ಇದೆಲ್ಲ ಏನು ನಡೆದಿದೆ ಅಂತ ನಕ್ಕು, ಆಮೇಲೆ ತಾನೂ ಪ್ಯಾಂಟು ಮಡಚಿ ಕಲ್ಲು ಎತ್ತಲು ಬಂದಳು. "ಮಾಮಿ, ಬಾಜೂಲಾ ವ್ಹಾ", ಅತ್ತೆ ಪಕ್ಕಕ್ಕೆ ಸರಿಯಿರಿ, ಅಂತ ಅವಳು, "ಸರಿಯಾಗಿ ಹಿಡ್ಕೊ ಮಗಾ, ಕಾಲಿಗೆ ಹಾಕ್ಕೊಳ್ಬೇಡ" ಅಂತ ಅಕ್ಕ. ಭಾಷೆ ಎರಡಾದರೂ ಕಲ್ಲು ಸರಿಯಾದ ಜಾಗದಲ್ಲಿ ಕೂತಿತು.

ಸಾವಂತ್ ಕಾಕಾ ಬಂದು ಒಂದು ಕಲ್ಲನ್ನು ಎತ್ತಲು ನೋಡಿದರು. ಆಗಲಿಲ್ಲ. "ಅಹೋ, ಎತ್ತಲು ಬರುವಂಥದ್ದು ಅಂದಿದ್ದೆನಲ್ಲ?" ಅಂತ ಕೇಳಿದರು. "ಬರ್ತದೆ ಕಾಕಾ, ಇಬ್ಬರು ಬೇಕು" ಅಂದೆ. ಅವರು ಸುತ್ತ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, "ಚಾಂಗಲಂ ಝಾಲಂ", ಒಳ್ಳೆಯದಾಯಿತು ಅಂತ ಬೆನ್ನು ತಟ್ಟಿ ಹೋದರು.

ಗೇಟಿನ ತನಕ ಕಲ್ಲು ಮುಟ್ಟಿದ ವಾರವೇ ಮಳೆ ಬಂತು. ಶನಿವಾರ. ನಾನೂ ಶಾರದಾನೂ ನೆರೂಳದಲ್ಲಿ ಒಂದು ಮದುವೆಯ ಊಟಕ್ಕೆ ಹೋಗಿದ್ದೆವು. ಅಕ್ಕ ಬರುವುದಿಲ್ಲ ಅಂದಿದ್ದಳು, ಶ್ರೇಯಾಳಿಗೆ ಆಫೀಸು ಇತ್ತು. ಬರುವಾಗ ಥಾಣೆಯಲ್ಲಿ ಗಾಡಿ ಬದಲಿಸುವಷ್ಟರಲ್ಲಿ ಮಳೆ ಕುಟ್ಟಿ ಹೊಡೆಯಿತು, ಮುಂಬ್ರಾದ ಹತ್ತಿರ ಗಾಡಿ ನಿಂತೇ ನಿಂತಿತು. ಬೋಗಿಯಲ್ಲಿ ಎಲ್ಲರೂ ನೀರು ಎಷ್ಟು ತುಂಬಿದೆ ಅಂತ ಮಾತಾಡುತ್ತಿದ್ದರು, ನನಗೆ ನಮ್ಮ ಹಿಂಬಾಗಿಲಿನ ಚಿಂತೆ. ಕಲ್ಲು ಕುಸಿದರೆ? ಅಕ್ಕನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮನೆ ಮುಟ್ಟುವಾಗ ಮಳೆ ನಿಂತು ಹನಿ ಮಾತ್ರ ಬೀಳುತ್ತಿತ್ತು. ಬಾಗಿಲು ತೆಗೆದರೆ ಫೋನು ಮಂಚದ ಮೇಲೆ ಇದೆ. ಅಕ್ಕ ಇಲ್ಲ. ವಾಕರ್ ಇಲ್ಲ. ಹಿಂಬಾಗಿಲು ಸುಮ್ಮನೆ ಎಳೆದುಕೊಂಡಿದೆ.

"ಅಯ್ಯೋ ದೇವರೇ" ಅಂತ ಶಾರದಾ ಅಲ್ಲೇ ನಿಂತಳು. ನಾನು ಬರಿಗಾಲಲ್ಲಿ ಹೊರಗೆ ಓಡಿದೆ. ಕಲ್ಲಿನ ಸಾಲಿನ ಮೇಲೆ ಯಾರೂ ಬಿದ್ದಿರಲಿಲ್ಲ. ಎರಡೂ ಬದಿ ಕೆಸರಿನಲ್ಲಿ ಹೆಜ್ಜೆ ಇರಲಿಲ್ಲ. ಗೇಟು ತೆರೆದಿತ್ತು. ಆಗ ತಾಳ ಕೇಳಿತು. ಅದರ ಮೇಲೆ ಒಂದು ದನಿ, ಒಡೆದ ದನಿ, ಆದರೂ ಎಲ್ಲರಿಗಿಂತ ಮುಂದೆ. ಉಳಿದವರೆಲ್ಲ ಅದರ ಹಿಂದೆ ಬರುತ್ತಿದ್ದರು. ನಾನು ಸುಮಿತ್ರಕ್ಕನ ಮನೆಯ ಕಿಟಕಿಯ ಹೊರಗೆ ನಿಂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಬರಲಿ ಅಂತ ಬಿಟ್ಟೆ.

ಮಂಗಳಾರತಿ ಆದ ಮೇಲೆ ಅಕ್ಕ ಹೊರಗೆ ಬಂದಳು. ನನ್ನನ್ನು ನೋಡಿ ಒಂದಿಷ್ಟೂ ಆಶ್ಚರ್ಯಪಡಲಿಲ್ಲ. "ಮದುವೆ ಊಟ ಹೇಗಿತ್ತು?" ಅಂತ ಕೇಳಿದಳು.

"ಫೋನ್ ಯಾಕೆ ಎತ್ತಲಿಲ್ಲ?" ನಾನು ಜೋರಾಗಿಯೇ ಕೇಳಿದೆ.

"ಎರಡು ಕೈಯೂ ವಾಕರಲ್ಲಿ ಇರುವಾಗ ಫೋನ್ ಎಲ್ಲಿ ಹಿಡಿಯುದು? ಶಾರದಾಗೆ ಹೇಳು, ನನಗೆ ಊಟ ಬೇಡ. ಅವಲಕ್ಕಿ ತಿಂದೆ."

ಗೇಟಿನ ಹತ್ತಿರ ನಾನು ಅವಳ ರಟ್ಟೆ ಹಿಡಿಯಲು ಹೋದೆ. "ಬಿಡು, ನಾನು ಬಂದದ್ದೂ ಒಬ್ಬಳೇ" ಅಂದಳು. ಬಿಟ್ಟೆ. ಕಲ್ಲಿನ ಅಗಲ ವಾಕರಿಗೆ ಮಾತ್ರ ಸಾಕು. ಹಿಂದಿನಿಂದ ಬಂದರೆ ಅವಳು ಬೀಳುವಾಗ ಹಿಡಿಯಲು ಕೈ ಸಿಗುವುದಿಲ್ಲ ಅಂತ ನಾನು ಪಕ್ಕದಲ್ಲಿ, ಕೆಸರಿನಲ್ಲಿ, ಎರಡೂ ಕೈ ಮುಂದೆ ಚಾಚಿಕೊಂಡು ನಡೆದೆ. ಟಕ್, ಅಕ್ಕನ ವಾಕರ್. ಪಚಕ್, ನನ್ನ ಕಾಲು. ಅರ್ಧ ದಾರಿಗೆ ಬರುವಾಗ ನನ್ನ ಕಾಲು ಒಮ್ಮೆಲೇ ಮುಂದಕ್ಕೆ ಹೋಯಿತು, ನಾನು ಹಿಂದಕ್ಕೆ ಹೋದೆ. ಮದುವೆಗೆಂದು ಉಟ್ಟ ಬಿಳಿ ಪಂಚೆಯ ಸಮೇತ ಕೆಸರಿನಲ್ಲಿ ಕೂತೆ.

ಅಕ್ಕ ನಿಂತಳು. "ಪೆಟ್ಟಾಯ್ತಾ?" ಅಂತ ಕೇಳಿದಳು. ಇಲ್ಲ ಅಂದೆ. ಆಮೇಲೆ ನಗಲು ಶುರುಮಾಡಿದಳು. ಬಿದ್ದು ಮೂಳೆ ಮುರಿದುಕೊಂಡ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ವಾಕರ್ ಹಿಡಿದುಕೊಂಡು, ಹೊಟ್ಟೆ ಕುಲುಕಿಸಿ, ಕಣ್ಣೊರೆಸಿಕೊಳ್ಳಲು ಕೈ ಬಿಡಲಾಗದೆ ನಕ್ಕಳು. ಬಾಗಿಲಲ್ಲಿ ಶಾರದಾನೂ ಶುರುಮಾಡಿದಳು. ನ್ಯಾಯವಾಗಿ ನನಗೆ ಸಿಟ್ಟು ಬರಬೇಕಿತ್ತು. ಎಲ್ಲಿ ಬಂತು? ಆ ಕೆಸರಿನಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತಿರೋಣ ಅನ್ನಿಸಿತು.

ಅಕ್ಕ ನಗು ನಿಲ್ಲಿಸಿ ವಾಕರನ್ನು ನನ್ನ ಕಡೆ ತಿರುಗಿಸಿ ಇಟ್ಟಳು. "ಏಳು. ಇದನ್ನು ಹಿಡ್ಕೊ. ನಾನು ಗಟ್ಟಿ ನಿಂತಿದ್ದೇನೆ" ಅಂದಳು. ನಾನು ಒಂದು ಕೈ ಕಲ್ಲಿಗೆ ಊರಿ, ಇನ್ನೊಂದನ್ನು ವಾಕರಿನ ಮೇಲಿಟ್ಟು ಎದ್ದೆ. ಕಲ್ಲೂ ಅಲುಗಲಿಲ್ಲ, ಅಕ್ಕನೂ ಅಲುಗಲಿಲ್ಲ. ಅವಳು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿ, ಮನೆಯ ಕಡೆ ತಿರುಗಿದಳು.

"ನಾಳೆಯಿಂದ ನಿನಗೂ ಒಂದು ಸಾಲು ಎರ್ಕೊ ಮಾರಾಯ" ಅಂದಳು. "ನನ್ನ ಪಕ್ಕದಲ್ಲಿ ನಡೀಲಿಕ್ಕೆ ಬೇಕಲ್ಲ."